ಓದುಗರ ಪ್ರಶ್ನೆ: ಎಸಿ ಗ್ಯಾಸು, ಲೈಸೆನ್ಸು, ಕಸ್ಟಮ್ಸು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಎಸಿ ಗ್ಯಾಸ್ ಬಗ್ಗೆಯೇ ಇವೆ. ಬೇಸಿಗೆ ಅಲ್ವಾ! ರೇಟು, ಆಮದು, ಕಸ್ಟಮ್ಸ್, ಓಝೋನ್ ಎಲ್ಲ ಒಂದಕ್ಕೊಂದು ಅಂಟಿಕೊಂಡ ವಿಷಯಗಳು. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ.

ಇಪ್ಪತ್ತು ವರ್ಷದಿಂದ ಎಸಿ, ಫ್ರಿಜ್ ರಿಪೇರಿ ಮಾಡುತ್ತಿದ್ದೇನೆ ಸರ್. ಆರ್-22 ಗ್ಯಾಸಿನ ರೇಟು ಏರುತ್ತಲೇ ಇದೆ. ಕೇಳಿದರೆ ಅಂಗಡಿಯವರು ‘ಸರ್ಕಾರ ಲೈಸೆನ್ಸ್ ಬಿಗಿ ಮಾಡಿದೆ’ ಅಂತಾರೆ. ಗ್ಯಾಸಿಗೆ ಯಾಕೆ ಸರ್ ಲೈಸೆನ್ಸು?
*— ಎಸಿ ಮೆಕ್ಯಾನಿಕ್, ಹುಬ್ಬಳ್ಳಿ*

ಅಂಗಡಿಯವರು ಹೇಳಿದ್ದು ಅರ್ಧ ನಿಜ. ಆರ್-22 ಗಾಳಿಗೆ ಸೇರಿದರೆ ಮೇಲಿನ ಓಝೋನ್ ಪದರಕ್ಕೆ ಪೆಟ್ಟು ಕೊಡುತ್ತದೆ. ಇಂಥ ಗ್ಯಾಸುಗಳನ್ನು ಹಂತ ಹಂತವಾಗಿ ನಿಲ್ಲಿಸೋಣ ಅಂತ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಸೇರಿಕೊಂಡಿತು. 2000ದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ನಮ್ಮದೇ ನಿಯಮಗಳು ಬಂದವು. ಅಲ್ಲಿಂದ ಈಚೆಗೆ ಇವನ್ನು ತಯಾರಿಸುವವರು ಹೆಸರು ನೋಂದಾಯಿಸಬೇಕು, ಹೊರಗಿಂದ ತರಿಸುವವರು ಮತ್ತು ಹೊರಗೆ ಕಳಿಸುವವರು ಲೈಸೆನ್ಸ್ ಪಡೆಯಬೇಕು. ಒಪ್ಪಂದಕ್ಕೆ ಸೇರದ ದೇಶದ ಜೊತೆ ವ್ಯಾಪಾರವೇ ಇಲ್ಲ.

ಈಗ ಲೆಕ್ಕ ನೋಡಿ. ಆರ್-22 ಇರುವ ಗುಂಪಿಗೆ ಎಚ್‌ಸಿಎಫ್‌ಸಿ ಅಂತಾರೆ. ನಮ್ಮಂಥ ದೇಶಗಳು 2015ಕ್ಕೆ ಇದರ ಬಳಕೆಯನ್ನು ಶೇ. 10, 2020ಕ್ಕೆ ಶೇ. 35, 2025ಕ್ಕೆ ಶೇ. 67.5 ಕಡಿಮೆ ಮಾಡಬೇಕಿತ್ತು. ಅಂದರೆ ನೂರು ಇದ್ದ ಕಡೆ ಈಗ ಮೂವತ್ತೆರಡೂವರೆ. 2030ಕ್ಕೆ ಬಾಗಿಲು ಮುಚ್ಚುತ್ತದೆ. ಹಳೆಯ ಮೆಷಿನ್‌ಗಳ ರಿಪೇರಿಗೆ ಅಂತ ಚೂರುಪಾರು ಮಾತ್ರ 2040ರ ತನಕ. ಹೊಸ ಎಸಿ ತಯಾರಿಕೆಗೆ ಇದನ್ನು ಬಳಸುವುದು ನಮ್ಮಲ್ಲಿ 2025ರ ಜನವರಿಯಿಂದಲೇ ನಿಂತಿದೆ. ಆದರೆ ಹಳೆಯ ಎಸಿಗಳು ಜನರ ಮನೆಯಲ್ಲಿ, ಆಫೀಸಿನಲ್ಲಿ ಇನ್ನೂ ಓಡುತ್ತಲೇ ಇವೆ. ಮಾಲು ಕಡಿಮೆ, ಗಿರಾಕಿ ಜಾಸ್ತಿ.

ಇನ್ನರ್ಧವನ್ನು ಅಂಗಡಿಯವರು ಹೇಳುವುದಿಲ್ಲ. ಆರ್-22 ತಯಾರಿಸುವ ದೊಡ್ಡ ಕಾರ್ಖಾನೆಗಳು ನಮ್ಮ ದೇಶದಲ್ಲೇ ಇವೆ. ಹಾಗಾಗಿ ರೇಟಿನ ಏರಿಳಿತ ಎಲ್ಲವನ್ನೂ ಆಮದು ಲೈಸೆನ್ಸಿನ ತಲೆಗೆ ಕಟ್ಟಬೇಡಿ. ಕೈಲಾದರೆ ಒಂದು ರಿಕವರಿ ಮೆಷಿನ್ ಮಾಡಿಕೊಳ್ಳಿ. ಕೆಟ್ಟ ಎಸಿಯಿಂದ ಗ್ಯಾಸನ್ನು ಗಾಳಿಗೆ ಬಿಡುವ ಬದಲು ಸಿಲಿಂಡರಿಗೆ ಎಳೆದಿಟ್ಟರೆ ಮುಂದಿನ ವರ್ಷಗಳಲ್ಲಿ ಅದೇ ದುಡ್ಡು.

ಎಲ್ಲ ಆನ್‌ಲೈನ್ ಆಗಿದೆ, ಸಿಂಗಲ್ ವಿಂಡೋ ಬಂದಿದೆ ಅಂತ ಭಾಷಣ ಕೇಳುತ್ತಲೇ ಇದ್ದೇವೆ. ಆದರೂ ನಮ್ಮ ಕಂಟೇನರ್ ಬಂದರಿನಲ್ಲಿ ನಿಲ್ಲುತ್ತದೆ, ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ತಡದ ಶುಲ್ಕ ಕಟ್ಟುತ್ತೇವೆ. ಹಾಗಾದರೆ ಆನ್‌ಲೈನ್ ಮಾಡಿ ಏನು ಸಿಕ್ಕಿತು?
*— ಸಣ್ಣ ಆಮದುದಾರ, ಪೀಣ್ಯ, ಬೆಂಗಳೂರು*

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೂ ಏನೂ ಸಿಕ್ಕಿಲ್ಲ ಅಂದರೆ ಒಪ್ಪುವುದಿಲ್ಲ.

ಮೊದಲು ಲೈಸೆನ್ಸ್ ಅಂದರೆ ಒಂದು ಕಾಗದ. ಇಂತಿಂಥ ಗ್ಯಾಸ್, ಇಷ್ಟು ಟನ್, ಇಷ್ಟು ತಿಂಗಳೊಳಗೆ ಅಂತ ಅದರಲ್ಲಿ ಬರೆದಿರುತ್ತಿತ್ತು. ಪ್ರತಿ ಸಲ ಮಾಲು ಬಂದಾಗ ಕಸ್ಟಮ್ಸ್‌ನವರು ಅದರ ಹಿಂಬದಿಯಲ್ಲಿ ಕೈಯಲ್ಲಿ ಬರೆದು ಕಳೆಯಬೇಕು. ಕಾಗದ ನಕಲಿಯಾದರೆ? ತಿದ್ದಿದ್ದರೆ? ಒಂದೇ ಕಾಗದವನ್ನು ಎರಡು ಬಂದರಿನಲ್ಲಿ ತೋರಿಸಿದರೆ? ಹಿಡಿಯುವುದು ಬಹಳ ಕಷ್ಟವಿತ್ತು. ಡಿಜಿಟಲ್ ಲೈಸೆನ್ಸ್ ಅಂದರೆ ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ಕೊಟ್ಟಷ್ಟು ಜಮಾ, ತಂದಷ್ಟು ಖರ್ಚು, ಬ್ಯಾಲೆನ್ಸ್ ಇಲ್ಲದಿದ್ದರೆ ಬಿಲ್ ಆಫ್ ಎಂಟ್ರಿ (ಆಮದು ಮಾಲಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ) ಮುಂದೆ ಹೋಗುವುದಿಲ್ಲ. ಯಾವ ಸಾಹೇಬರನ್ನು ಒಲಿಸಿಕೊಂಡರೂ ಕಂಪ್ಯೂಟರ್ ಒಪ್ಪುವುದಿಲ್ಲ ಅನ್ನುವುದೇ ಇದರ ದೊಡ್ಡ ಗುಣ.

ನಮ್ಮಲ್ಲಿ ನಿರ್ಬಂಧಿತ ವಸ್ತುಗಳ ಆಮದು ಅನುಮತಿಗೆ ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪೋರ್ಟಲ್‌ನಲ್ಲಿ ಅರ್ಜಿ. ಓಝೋನ್‌ಗೆ ಸಂಬಂಧಿಸಿದ ಗ್ಯಾಸ್ ಆದರೆ ಪರಿಸರ ಸಚಿವಾಲಯದ ಓಝೋನ್ ಸೆಲ್ ಮಾತು ಬೇಕು. ಕಸ್ಟಮ್ಸ್ ಕಡೆ ಐಸ್‌ಗೇಟ್ ಅನ್ನುವ ಪೋರ್ಟಲ್ ಇದೆ, ಕಾಗದಪತ್ರ ಏರಿಸಲು ಇ-ಸಂಚಿತ್ ಇದೆ. 2016ರ ಏಪ್ರಿಲ್‌ನಿಂದ ಸ್ವಿಫ್ಟ್ ಅನ್ನುವ ಸಿಂಗಲ್ ವಿಂಡೋ ಇದೆ. ಬೇರೆ ಬೇರೆ ಇಲಾಖೆಯ ಅನುಮತಿಗೆ ಬೇರೆ ಬೇರೆ ಬಾಗಿಲು ತಟ್ಟಬಾರದು ಅನ್ನುವುದು ಅದರ ಉದ್ದೇಶ.

ಹಾಗಾದರೆ ಮಾಲು ನಿಲ್ಲುವುದು ಎಲ್ಲಿ? ಬಹಳ ಸಲ ಕೋಡಿನಲ್ಲಿ. ಕಂಪ್ಯೂಟರಿಗೆ ಗ್ಯಾಸಿನ ವಾಸನೆ ಗೊತ್ತಾಗಲ್ಲ, ನೀವು ಟೈಪ್ ಮಾಡಿದ ಎಚ್‌ಎಸ್ ಕೋಡ್, ಅಂದರೆ ಪ್ರತಿ ಸರಕಿಗೂ ಕಸ್ಟಮ್ಸ್ ಪಟ್ಟಿಯಲ್ಲಿರುವ ಸಂಖ್ಯೆ ಮಾತ್ರ ಗೊತ್ತಾಗುವುದು. ಇಲ್ಲೇ ಒಂದು ಹಳೇ ಎಡವಟ್ಟಿತ್ತು. 2022ರ ಮೊದಲು ಜಗತ್ತಿನ ಕಸ್ಟಮ್ಸ್ ಪಟ್ಟಿಯಲ್ಲಿ ಆರ್-32, ಆರ್-125, ಆರ್-134ಎ ಅನ್ನುವ ಎಸಿ ಗ್ಯಾಸುಗಳೆಲ್ಲವೂ ‘ಇತರೆ’ ಅನ್ನುವ ಒಂದೇ ಡಬ್ಬಿಯಲ್ಲಿ, ಅಂದರೆ 2903.39ರಲ್ಲಿ ಬೀಳುತ್ತಿದ್ದವು. ಯಾವ ಗ್ಯಾಸ್ ಎಷ್ಟು ಬಂತು ಅಂತ ಬರೀ ಕೋಡ್ ನೋಡಿ ಹೇಳುವ ಹಾಗಿರಲಿಲ್ಲ. 2022ರ ಜನವರಿ 1ರಿಂದ ಬೇರೆ ಬೇರೆ ಆದವು. ಆರ್-32ಕ್ಕೆ 2903.42, ಆರ್-134ಎಗೆ 2903.45, ಮಿಶ್ರಣಗಳಿಗೆ 3827 ಅನ್ನುವ ಹೊಸ ಶೀರ್ಷಿಕೆಯೇ ಬಂತು. ಆರ್-410ಎ ಅಂದರೆ ಆರ್-32 ಮತ್ತು ಆರ್-125ರ ಅರ್ಧರ್ಧ ಬೆರಕೆ. ಅದನ್ನು ಹಳೇ ಅಭ್ಯಾಸದಲ್ಲಿ 3824ರ ಕೆಳಗೆ ಹಾಕಿದರೆ ಮಾಲು ನಿಂತೇ ನಿಲ್ಲುತ್ತದೆ. ಕ್ಲಿಯರಿಂಗ್ ಏಜೆಂಟ್ ‘ಹೋದ ಸಲದ್ದೇ ಹಾಕಿದೆ ಸರ್’ ಅಂದರೆ ನಂಬಬೇಡಿ. ಆರ್ಡರ್ ಕೊಡುವ ಮೊದಲೇ ಎಂಟು ಅಂಕಿಯ ಕೋಡ್ ಹಿಡಿದು ಡಿಜಿಎಫ್‌ಟಿಯ ಆಮದು ನೀತಿ ಪಟ್ಟಿಯಲ್ಲಿ ಆವತ್ತಿನ ಸ್ಥಿತಿ ನೋಡಿಕೊಳ್ಳಿ, ಏಕೆಂದರೆ ಹೋದ ವರ್ಷ ಫ್ರೀ (ಲೈಸೆನ್ಸ್ ಬೇಡದ್ದು) ಇದ್ದದ್ದು ಈ ವರ್ಷ ನಿರ್ಬಂಧಿತ ಆಗಿರಬಹುದು.

ಇನ್ನು, ಎಲ್ಲ ಸರಿ ಇದ್ದರೂ ರಿಸ್ಕ್ ಲೆಕ್ಕ ಹಾಕುವ ವ್ಯವಸ್ಥೆ ಕೆಲವು ಕಂಟೇನರ್‌ಗಳನ್ನು ಆರಿಸಿ ‘ತೆರೆದು ನೋಡಿ’ ಅನ್ನುತ್ತದೆ. ಅದಕ್ಕೆ ಬೇಜಾರಾಗಬೇಡಿ. ಯಾಕೆ ಅಂತ ಮುಂದೆ ಮಂಗಳೂರಿನವರಿಗೆ ಬರೆದಿದ್ದೇನೆ, ಓದಿ.

ದುಬೈನಿಂದ ಊರಿಗೆ ಬರುವಾಗ ಅಣ್ಣನ ಗ್ಯಾರೇಜಿಗೆ ಅಂತ ಕಾರ್ ಎಸಿ ಗ್ಯಾಸಿನ ಎರಡು ಕ್ಯಾನ್ ತರಬಹುದಾ? ಸೂಟ್‌ಕೇಸಿನಲ್ಲಿ ಜಾಗ ಇದೆ.
*— ದುಬೈ ಕನ್ನಡಿಗ, ಊರು ಕುಂದಾಪುರ*

ಬೇಡ. ಲೈಸೆನ್ಸ್ ವಿಚಾರ ಆಮೇಲೆ. ಒತ್ತಡದಲ್ಲಿ ತುಂಬಿದ ಇಂಥ ಗ್ಯಾಸ್ ಕ್ಯಾನನ್ನು ವಿಮಾನದ ಬ್ಯಾಗಿನಲ್ಲಿ ಬಿಡುವುದೇ ಇಲ್ಲ. ಅಣ್ಣನಿಗೆ ಖರ್ಜೂರ ತನ್ನಿ.

ನಾನು ಬಿ.ಕಾಂ. ವಿದ್ಯಾರ್ಥಿ. ನವ ಮಂಗಳೂರು ಬಂದರು ನೋಡಲು ಹೋದಾಗ ಬಂದ ಸಂಶಯ ಇದು. ಸಿಲಿಂಡರ್ ಮೇಲೆ ಆರ್-134ಎ ಅಂತ ಬರೆದು ಒಳಗೆ ಬೇರೆ ಏನೋ ತುಂಬಿದ್ದರೆ ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗುತ್ತದೆ?
*— ವಿದ್ಯಾರ್ಥಿ, ಮಂಗಳೂರು*

ಈ ಸಲದ ಬೆಸ್ಟ್ ಪ್ರಶ್ನೆ ನಿಮ್ಮದು. ತೆರೆದು ಪರೀಕ್ಷೆ ಮಾಡದಿದ್ದರೆ ಗೊತ್ತಾಗುವುದೇ ಇಲ್ಲ.

ಲೈಸೆನ್ಸ್ ಪೋರ್ಟಲ್ ಎಷ್ಟೇ ಚೆನ್ನಾಗಿದ್ದರೂ ಅದು ಹೋಲಿಸುವುದು ಒಂದು ಹೇಳಿಕೆಯನ್ನು ಇನ್ನೊಂದು ಹೇಳಿಕೆಯ ಜೊತೆ. ಲೈಸೆನ್ಸಿನಲ್ಲಿ ಆರ್-134ಎ ಹತ್ತು ಟನ್, ಇನ್‌ವಾಯ್ಸ್‌ನಲ್ಲಿ ಆರ್-134ಎ ಹತ್ತು ಟನ್. ಎರಡೂ ಸರಿಹೋದವು, ಪರದೆ ಮೇಲೆ ಹಸಿರು ಬಂತು. ಸಿಲಿಂಡರ್ ಒಳಗಿನ ಸತ್ಯ ಇದರಲ್ಲಿ ಎಲ್ಲೂ ಇಲ್ಲ. ಲೈಸೆನ್ಸ್ ಬಿಗಿಯಾದಷ್ಟೂ ಕಳ್ಳರು ಕಾಗದ ನಕಲಿ ಮಾಡುವುದನ್ನು ಬಿಟ್ಟು ಸ್ಟಿಕ್ಕರ್ ನಕಲಿ ಮಾಡಲು ಶುರು ಮಾಡುತ್ತಾರೆ. ನಿಷೇಧ ಇರುವ ಗ್ಯಾಸನ್ನು ಫ್ರೀ ಇರುವ ಗ್ಯಾಸಿನ ಹೆಸರಿನಲ್ಲಿ ತರುವುದು ಇವರ ಮಾಮೂಲಿ ದಾರಿ.

ಸಿಲಿಂಡರಿನ ಬಣ್ಣ ನೋಡಬಹುದಲ್ಲ ಅಂತೀರಾ? ಹಿಂದೆ ಆರ್-134ಎಗೆ ತಿಳಿ ನೀಲಿ, ಆರ್-22ಕ್ಕೆ ತಿಳಿ ಹಸಿರು, ಆರ್-410ಎಗೆ ಗುಲಾಬಿ ಅಂತ ಅಮೆರಿಕದ ಉದ್ಯಮ ಸಂಘದ ಪದ್ಧತಿ ಇತ್ತು, ಬೇರೆ ಕಡೆಯೂ ಅದನ್ನೇ ಅನುಸರಿಸುತ್ತಿದ್ದರು. 2020ರ ಹೊತ್ತಿಗೆ ಅವರೇ ಅದನ್ನು ಕೈಬಿಟ್ಟು ಎಲ್ಲಕ್ಕೂ ಒಂದೇ ಬೂದು ಹಸಿರು ಅಂದುಬಿಟ್ಟರು. ಹೇಗೂ ಪೇಂಟ್ ಹೊಡೆಯಲು ಎಷ್ಟು ಹೊತ್ತು ಬೇಕು?

ಒತ್ತಡ ನೋಡಬಹುದು. ನಮ್ಮ ಮೆಕ್ಯಾನಿಕ್‌ಗಳು ಗೇಜ್ ಹಾಕಿ ನೋಡುವುದೂ ಇದನ್ನೇ. 25 ಡಿಗ್ರಿಯಲ್ಲಿ ಆರ್-134ಎ ಸಿಲಿಂಡರಿನ ಒತ್ತಡ ಸುಮಾರು 82 ಪಿಎಸ್‌ಐ, ಆರ್-22ರದ್ದು ಸುಮಾರು 137. ಇಷ್ಟು ವ್ಯತ್ಯಾಸ ಇದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಖದೀಮರು ಇದಕ್ಕೂ ಉಪಾಯ ಕಂಡುಕೊಂಡಿದ್ದಾರೆ. ಆರ್-40 ಅಂದರೆ ಮೀಥೈಲ್ ಕ್ಲೋರೈಡ್, ಇದು ಅಗ್ಗ. ಅದಕ್ಕೆ ಚೂರು ಆರ್-22 ಬೆರೆಸಿದರೆ ಒತ್ತಡ ಆರ್-134ಎಗೆ ಹತ್ತಿರ ಬಂದುಬಿಡುತ್ತದೆ. ಗೇಜ್ ಕೂಡ ಮೋಸ ಹೋಗುತ್ತದೆ.

ಇದು ಬರೀ ತೆರಿಗೆ ವಂಚನೆ ಅಲ್ಲ. ಆರ್-40 ವಿಷ, ಬೆಂಕಿ ಹತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ ಎಸಿ ಒಳಗಿನ ಅಲ್ಯೂಮಿನಿಯಂ ಜೊತೆ ಸೇರಿ ಇನ್ನೊಂದು ರಾಸಾಯನಿಕ ಆಗುತ್ತದೆ. ಅದಕ್ಕೆ ಗಾಳಿ ತಾಗಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. 2011ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಹಣ್ಣು, ಮಾಂಸ ಸಾಗಿಸುವ ಶೀತಲ ಕಂಟೇನರ್‌ಗಳು ಸ್ಫೋಟಿಸಿ ಕೆಲಸಗಾರರು ಸತ್ತರು. ಕಲಬೆರಕೆ ಗ್ಯಾಸ್ ಕಾರಣ ಅಂತ ಗೊತ್ತಾದ ಮೇಲೆ ಹಡಗು ಕಂಪನಿಗಳು ಗಾಬರಿಯಾಗಿ ನೂರಾರು ಕಂಟೇನರ್‌ಗಳನ್ನು ಬದಿಗಿಟ್ಟವು.

ಅದಕ್ಕೇ ಕಸ್ಟಮ್ಸ್‌ನವರ ಕೈಗೆ ರೆಫ್ರಿಜರೆಂಟ್ ಐಡೆಂಟಿಫೈಯರ್ ಅನ್ನುವ ಸಣ್ಣ ಪೆಟ್ಟಿಗೆ ಕೊಡುತ್ತಾರೆ. ವಾಲ್ವಿಗೆ ಪೈಪ್ ಸಿಕ್ಕಿಸಿದರೆ ಕೆಲವು ನಿಮಿಷದಲ್ಲಿ ಒಳಗೆ ಯಾವುದು ಶೇಕಡಾ ಎಷ್ಟಿದೆ ಅಂತ ತೋರಿಸುತ್ತದೆ. ಸಂಶಯ ಬಂದರೆ ಸ್ಯಾಂಪಲ್ ಲ್ಯಾಬಿಗೆ. ನನ್ನ ಅಭಿಪ್ರಾಯ ಕೇಳುವುದಾದರೆ, ಪೋರ್ಟಲ್‌ಗೆ ಹೊಸ ಬಣ್ಣ ಬಳಿಯಲು ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಈ ಪೆಟ್ಟಿಗೆಗಳಿಗೆ, ಅದನ್ನು ಬಳಸಲು ಕಲಿತ ಮನುಷ್ಯರಿಗೆ ಹಾಕಬೇಕು. ಪೋರ್ಟಲ್ ಉದ್ಘಾಟನೆಗೆ ಫೋಟೋ ಬರುತ್ತದೆ, ಪೆಟ್ಟಿಗೆಗೆ ಬರಲ್ಲ. ಬಿ.ಕಾಂ. ಮುಗಿಸಿ ಕಸ್ಟಮ್ಸ್ ಪರೀಕ್ಷೆ ಬರೆಯಿರಿ ತಮ್ಮಾ, ಇಂಥ ಪ್ರಶ್ನೆ ಕೇಳುವವರು ಅಲ್ಲಿ ಬೇಕು.

ಕಳ್ಳ ಗ್ಯಾಸ್ ಅಂದರೆ ಯಾವಾಗಲೂ ಚೀನಾದ ಹೆಸರು ಹೇಳುತ್ತೀರಿ. ನಮ್ಮ ದೇಶದಿಂದ ಹೋಗಿದ್ದು ಏನೂ ಇಲ್ಲವೇ?
*— ನಿವೃತ್ತ ನೌಕರರು, ಬೆಳಗಾವಿ*

ಇದೆ ಸರ್. ನೇಪಾಳದ ಕಥೆ ದಾಖಲೆಯಲ್ಲೇ ಇದೆ. ಇಪ್ಪತ್ತೈದು ವರ್ಷದ ಹಿಂದೆ ನೇಪಾಳದ ಕಸ್ಟಮ್ಸ್‌ನವರು ಭಾರತದ ಕಡೆಯಿಂದ ಬಂದ ಸುಮಾರು 74 ಟನ್ ಸಿಎಫ್‌ಸಿ (ಓಝೋನ್‌ಗೆ ಆರ್-22ಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಳೇ ಗ್ಯಾಸ್) ಹಿಡಿದರು. ನೇಪಾಳದ ಲೈಸೆನ್ಸ್ ಇಲ್ಲದೇ ಬಂದ ಮಾಲು ಅದು. ಒಪ್ಪಂದದಲ್ಲಿ ಆ ದೇಶಕ್ಕೆ ಲೆಕ್ಕ ಇದ್ದದ್ದೇ ವರ್ಷಕ್ಕೆ ಸುಮಾರು 27 ಟನ್! ಹಿಡಿದದ್ದನ್ನು ಏನು ಮಾಡುವುದು ಅನ್ನುವುದೇ ದೊಡ್ಡ ತಲೆನೋವಾಯಿತು. ಒಟ್ಟಿಗೆ ಮಾರುಕಟ್ಟೆಗೆ ಬಿಟ್ಟರೆ ನೇಪಾಳ ತಪ್ಪಿತಸ್ಥ ದೇಶ ಆಗುತ್ತದೆ. ಕೊನೆಗೆ 2004ರಲ್ಲಿ ಒಪ್ಪಂದದ ದೇಶಗಳ ಸಭೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಬಿಡಲು ದಾರಿ ಮಾಡಿಕೊಟ್ಟಿತು.

ಇಂಥದ್ದಕ್ಕೆ ಮದ್ದು ಅಂತ ವಿಶ್ವಸಂಸ್ಥೆಯ ಪರಿಸರ ವಿಭಾಗ ಐಪಿಕ್ ಅನ್ನುವ ಆನ್‌ಲೈನ್ ವ್ಯವಸ್ಥೆ ಮಾಡಿದೆ. ರಫ್ತು ಲೈಸೆನ್ಸ್ ಕೊಡುವ ಮೊದಲು ಈ ಕಡೆಯ ಅಧಿಕಾರಿ ಆ ಕಡೆಯ ಅಧಿಕಾರಿಯನ್ನು ಕೇಳುತ್ತಾರೆ. ‘ನಿಮ್ಮಲ್ಲಿ ಈ ಹೆಸರಿನ ಕಂಪನಿಗೆ ಲೈಸೆನ್ಸ್ ಇದೆಯಾ? ಇಷ್ಟು ತರಲು ಕೋಟಾ ಉಳಿದಿದೆಯಾ?’ ಇಲ್ಲ ಅಂತ ಉತ್ತರ ಬಂದರೆ ಹಡಗು ಹೊರಡುವ ಮೊದಲೇ ಮಾಲು ನಿಲ್ಲುತ್ತದೆ. ಕಾನೂನಿನ ಬಲ ಇಲ್ಲದ, ಸ್ವಂತ ಇಚ್ಛೆಯ ವ್ಯವಸ್ಥೆ. ಆದರೂ ಗಡಿಯಲ್ಲಿ ಸಿಲಿಂಡರ್ ಹಿಡಿದು ಗೋದಾಮಿನಲ್ಲಿ ವರ್ಷಗಟ್ಟಲೆ ಕಾಯುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಸಮಾಧಾನಕ್ಕೆ ಒಂದು ಮಾತು: ಸಿಎಫ್‌ಸಿ ತಯಾರಿಕೆಯನ್ನು ಭಾರತ 2008ರ ಆಗಸ್ಟ್‌ನಲ್ಲೇ, ಗಡುವಿಗಿಂತ ಹದಿನೇಳು ತಿಂಗಳು ಮೊದಲು ನಿಲ್ಲಿಸಿತು.

ನೆದರ್ಲೆಂಡ್ಸ್‌ನಲ್ಲಿದ್ದೇನೆ. ಹಳೇ ಕಾರಿನ ಎಸಿಗೆ ಇಲ್ಲಿ ಗ್ಯಾಸ್ ತುಂಬಿಸಲು ಸಿಕ್ಕಾಪಟ್ಟೆ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಒಬ್ಬ ಆರ್-134ಎ ಸಿಲಿಂಡರನ್ನೇ ಅಗ್ಗಕ್ಕೆ ಕೊಡುತ್ತೇನೆ ಅಂತಿದ್ದಾನೆ. ತಗೊಳ್ಳಬಹುದಾ?
*— ಸಾಫ್ಟ್‌ವೇರ್ ಉದ್ಯೋಗಿ, ಐಂಡ್‌ಹೋವನ್*

ಅದು ಒಮ್ಮೆ ಬಳಸಿ ಎಸೆಯುವ, ಮತ್ತೆ ತುಂಬಿಸಲಾಗದ ಸಿಲಿಂಡರ್ ಆದರೆ ಮುಟ್ಟಲೇಬೇಡಿ. ಯುರೋಪಿನಲ್ಲಿ 2007ರಿಂದ ಅಂಥ ಸಿಲಿಂಡರಿಗೆ ಮಾರುಕಟ್ಟೆಯೇ ಇಲ್ಲ. ಕಂಡರೆ ಕಳ್ಳಮಾಲು ಅಂತಲೇ ಅರ್ಥ. ಜೊತೆಗೆ ಈ ಗ್ಯಾಸನ್ನು ಸರ್ಟಿಫಿಕೇಟ್ ಇರುವ ಕೆಲಸಗಾರರಿಗೆ ಬಿಟ್ಟು ಬೇರೆಯವರಿಗೆ ಮಾರುವ ಹಾಗೂ ಇಲ್ಲ.

ಅಲ್ಲಿ ದುಬಾರಿ ಯಾಕೆ ಅಂದರೆ ಕೋಟಾ. ಯುರೋಪ್ ಗ್ಯಾಸನ್ನು ಕಿಲೋ ಲೆಕ್ಕದಲ್ಲಿ ಅಳೆಯುವುದಿಲ್ಲ, ಅದು ಎಷ್ಟು ಇಂಗಾಲದ ಡೈಆಕ್ಸೈಡಿಗೆ ಸಮ ಅಂತ ಅಳೆಯುತ್ತದೆ. ಆರ್-134ಎಯ ತಾಪ ಅಂಕ 1430, ಅಂದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಡೈಆಕ್ಸೈಡಿನ 1430 ಪಟ್ಟು. ಹನ್ನೆರಡು ಕಿಲೋದ ಒಂದು ಸಿಲಿಂಡರ್ ಅಂದರೆ ಹದಿನೇಳು ಟನ್ ಡೈಆಕ್ಸೈಡ್ ಬಿಟ್ಟ ಹಾಗೆ! 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ಕಾನೂನು ಈ ಕೋಟಾವನ್ನು ಇಳಿಸುತ್ತಾ ಹೋಗಿ 2050ಕ್ಕೆ ಸೊನ್ನೆ ಮಾಡುತ್ತದೆ. ಕೋಟಾ ಪಡೆಯುವ ಕಂಪನಿ ಹೀಗೆ ಲೆಕ್ಕ ಹಾಕಿದ ಒಂದೊಂದು ಟನ್ ಡೈಆಕ್ಸೈಡಿಗೆ 3 ಯುರೋ ಕಟ್ಟಬೇಕು. ಕೋಟಾ ಇಲ್ಲದವನಿಗೆ ಈ ಖರ್ಚೂ ಇಲ್ಲ, ಮಿತಿಯೂ ಇಲ್ಲ. ನಿಮ್ಮ ಆನ್‌ಲೈನ್ ಗೆಳೆಯನ ಅಗ್ಗದ ಗುಟ್ಟು ಇಷ್ಟೇ.

ಮೊದಲು ಅಲ್ಲಿಯೂ ಒಂದು ದೊಡ್ಡ ತೂತಿತ್ತು. ಕೋಟಾ ಲೆಕ್ಕ ಬ್ರಸೆಲ್ಸ್‌ನ ಪೋರ್ಟಲ್‌ನಲ್ಲಿ, ಮಾಲು ಬಿಡುವ ಕಸ್ಟಮ್ಸ್ ಒಂದೊಂದು ದೇಶದಲ್ಲಿ. ಎರಡೂ ಮಾತಾಡಿಕೊಳ್ಳುತ್ತಿರಲಿಲ್ಲ. ಕೋಟಾ ಮೀರಿದ್ದು ಗೊತ್ತಾಗುವ ಹೊತ್ತಿಗೆ ಗ್ಯಾಸ್ ಯಾರದೋ ಕಾರಿನಲ್ಲಿ ಓಡಾಡುತ್ತಿರುತ್ತಿತ್ತು. ಈಗ ಎರಡನ್ನೂ ಕಂಪ್ಯೂಟರಿನಲ್ಲೇ ಜೋಡಿಸಬೇಕು ಅಂತ ಕಾನೂನು, 2025ರ ಮಾರ್ಚ್ 3 ಅದರ ಗಡುವಾಗಿತ್ತು. ನನಗೆ ಇದು ತುಂಬಾ ಹಿಡಿಸಿತು. ಆದರೆ ‘ಬೇರೆ ದೇಶಕ್ಕೆ ಹೋಗುವ ಮಾಲು, ಯುರೋಪ್ ಮೂಲಕ ದಾಟುತ್ತಿದೆ ಅಷ್ಟೇ’ ಅಂತ ಬರೆಸಿ ದಾರಿಯಲ್ಲೇ ಮಾಯ ಮಾಡುವವರನ್ನು, ಟರ್ಕಿ, ಉಕ್ರೇನ್ ಕಡೆಯಿಂದ ವ್ಯಾನಿನ ಸೀಟಿನಡಿ ನಾಲ್ಕು ಸಿಲಿಂಡರ್ ಇಟ್ಟು ಗಡಿ ದಾಟುವವರನ್ನು ಯಾವ ಪೋರ್ಟಲ್ ಹಿಡಿಯುತ್ತದೆ? ಅಂಥವನು ಯಾವ ಫಾರಂ ಅನ್ನೂ ತುಂಬುವುದಿಲ್ಲವಲ್ಲ.

ಓಝೋನ್ ರಂಧ್ರ ಮುಚ್ಚುತ್ತಿದೆ ಅಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ಹಾಗಾದರೆ ಇನ್ನೂ ಯಾಕೆ ಹೊಸ ಹೊಸ ಗ್ಯಾಸುಗಳಿಗೆ ಲೈಸೆನ್ಸು?
*— ಶಿಕ್ಷಕಿ, ಬಳ್ಳಾರಿ*

ಪಾಠ ಸರಿಯಾಗಿಯೇ ಇದೆ ಮೇಡಂ. ಈಗಿನ ನಿಯಮಗಳು ಹೀಗೇ ಮುಂದುವರಿದರೆ ಜಗತ್ತಿನ ಬಹುಪಾಲು ಕಡೆ 2040ರ ಹೊತ್ತಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಹೊತ್ತಿಗೆ ಓಝೋನ್ 1980ರ ಮಟ್ಟಕ್ಕೆ ಬರುತ್ತದೆ ಅಂತ ವಿಜ್ಞಾನಿಗಳು ಹೇಳಿದ್ದಾರೆ. ತೊಂದರೆ ಏನೆಂದರೆ, ಹಳೇ ಗ್ಯಾಸಿನ ಬದಲಿಗೆ ತಂದ, ಆರ್-32, ಆರ್-134ಎ ಥರದ ಎಚ್‌ಎಫ್‌ಸಿಗಳು ಓಝೋನ್‌ಗೆ ಏನೂ ಮಾಡಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತವೆ. ಅದಕ್ಕೆ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅವನ್ನೂ ಪಟ್ಟಿಗೆ ಸೇರಿಸಿದರು, ಅವಕ್ಕೂ ಲೈಸೆನ್ಸ್ ವ್ಯವಸ್ಥೆ ಬೇಕು ಅಂದರು. ಭಾರತ 2021ರಲ್ಲಿ ಒಪ್ಪಿಕೊಂಡಿತು. ನಮಗೆ 2028ರಿಂದ ಮಿತಿ, 2032ರಿಂದ ಕಡಿತ, 2047ಕ್ಕೆ ಶೇ. 85 ಕಡಿಮೆ. ಮಕ್ಕಳಿಗೆ ಇದನ್ನೂ ಹೇಳಿ.

ನಮ್ಮ ಕಡೆ ಗೇರು ತೋಟಗಳಲ್ಲಿ ಎಂಡೋಸಲ್ಫಾನ್ ಮಾಡಿದ ಅನಾಹುತ ಎಲ್ಲರಿಗೂ ಗೊತ್ತು. ಗ್ಯಾಸಿಗೆ ಇಷ್ಟೆಲ್ಲ ಕಾವಲು ಇದೆ, ಕೀಟನಾಶಕಕ್ಕೆ ಇಲ್ಲವಾ?
*— ಕೃಷಿಕ, ಪುತ್ತೂರು*

ಇದೆ, ಬೇರೆ ಒಪ್ಪಂದ. ರಾಟರ್‌ಡ್ಯಾಮ್‌ನಲ್ಲಿ 1998ರಲ್ಲಿ ಆಗಿ 2004ರಿಂದ ಜಾರಿಯಲ್ಲಿದೆ. ಅದು ಯಾವುದನ್ನೂ ನಿಷೇಧಿಸುವುದಿಲ್ಲ. ಪಟ್ಟಿಯಲ್ಲಿರುವ ರಾಸಾಯನಿಕ ಬೇಕೋ ಬೇಡವೋ ಅಂತ ಪ್ರತಿ ದೇಶ ಮೊದಲೇ ಹೇಳಿರಬೇಕು, ಬೇಡ ಅಂದ ದೇಶಕ್ಕೆ ಉಳಿದವರು ಕಳಿಸಬಾರದು. ಎಂಡೋಸಲ್ಫಾನ್ ಆ ಪಟ್ಟಿಗೆ ಸೇರಿದ್ದು 2011ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಮ್ಮಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆ ನಿಲ್ಲಿಸಿತು. ಎಂಡೋಸಲ್ಫಾನ್‌ನಿಂದ ನರಳಿದ ಕೊಕ್ಕಡದ ಮನೆಗಳಿಗೆ ಇದು ತೀರಾ ತಡವಾಗಿ ಬಂತು ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಮನೆಯ ಎಸಿಗೆ ಪ್ರತಿ ಬೇಸಿಗೆ ‘ಗ್ಯಾಸ್ ಖಾಲಿಯಾಗಿದೆ ಅಮ್ಮಾ’ ಅಂತ ತುಂಬಿಸಿ ಹೋಗುತ್ತಾರೆ. ಇವರು ತುಂಬುವುದು ಅಸಲಿಯೋ ನಕಲಿಯೋ ನಮಗೆ ಹೇಗೆ ಗೊತ್ತಾಗಬೇಕು?
*— ಗೃಹಿಣಿ, ಮೈಸೂರು*

ಮೊದಲನೆಯದಾಗಿ, ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ ಅಮ್ಮಾ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಪ್ರತಿ ವರ್ಷ ಖಾಲಿ ಅಂದರೆ ಎಲ್ಲೋ ಲೀಕ್ ಇದೆ, ಇಲ್ಲವೇ ಖಾಲಿಯೇ ಆಗಿಲ್ಲ. ಲೀಕ್ ಹುಡುಕಿ ಮುಚ್ಚದೇ ಗ್ಯಾಸ್ ಹಾಕುವವರಿಗೆ ದುಡ್ಡು ಕೊಡಬೇಡಿ.

ಎಸಿಯ ಹೊರಗಿನ ಪೆಟ್ಟಿಗೆ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅದರಲ್ಲಿ ಬರೆದಿರುತ್ತದೆ. ಅದೇ ಗ್ಯಾಸ್ ಹಾಕಬೇಕು, ಸಿಲಿಂಡರನ್ನು ತೂಕದ ಮೆಷಿನ್ ಮೇಲಿಟ್ಟು ಹಾಕಬೇಕು. ‘ಇದೂ ಅದೂ ಒಂದೇ’ ಅಂದರೆ ಒಪ್ಪಬೇಡಿ. ಈಗಿನ ಹೊಸ ಎಸಿಗಳಲ್ಲಿ ಜಾಸ್ತಿ ಇರುವ ಆರ್-32ಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣವಿದೆ, ಆರ್-290 ಅಂತೂ ಪ್ರೊಪೇನ್, ಅಡುಗೆ ಗ್ಯಾಸಿನ ಬಂಧು. ಅವಕ್ಕಾಗಿಯೇ ಮಾಡಿದ ಎಸಿಯಲ್ಲಿ ಅವು ಕ್ಷೇಮ, ಹಳೇ ಆರ್-22 ಎಸಿಗೆ ತುಂಬಿದರೆ ಅಪಾಯ.

ಬಿಲ್ಲಿನಲ್ಲಿ ಬರೀ ‘ಗ್ಯಾಸ್ ಚಾರ್ಜ್’ ಅಂತ ಇದ್ದರೆ ವಾಪಸ್ ಕೊಡಿ. ಯಾವ ಗ್ಯಾಸ್, ಯಾವ ಕಂಪನಿ, ಎಷ್ಟು ಗ್ರಾಂ ಅಂತ ಬರೆಸಿ, ಆಮೇಲೆ ದುಡ್ಡು ಕೊಡಿ.